ಜಲಪಾತದ ನೊರೆ ಎಲ್ಲಿಗೆ ಹೋಯಿತು?

ಬೆಳಗಾಗುತ್ತಲೇ ವ್ಯಾನ್ ಚಾಲಕನ ಮನೆಯಲ್ಲಿ ರಂಪ. ನಲ್ಲಿ ತಿರುಗಿಸಿದರೆ ಬಕೆಟ್ಟಿನ ತುಂಬ ನೊರೆ. ಹೆಂಡತಿ ನೀರನ್ನು ಎಷ್ಟು ಕುದಿಸಿ ಮೀಯಿಸಿದರೂ ಕೂಸಿನ ಕತ್ತು, ಕಂಕುಳಲ್ಲೆಲ್ಲ ಕೆಂಪು ಗುಳ್ಳೆ. ಅತ್ತು ಅತ್ತು ಅದರ ದನಿಯೇ ಬಿದ್ದುಹೋಗಿತ್ತು.

"ನೀರಿನ ಕಚೇರಿಯವರಿಗೆ ಮಾನ ಮರ್ಯಾದೆ ಇಲ್ಲ!" ಗಂಡ ವ್ಯಾನಿನ ಸೀಟು ಕವರುಗಳನ್ನು ಗಂಟು ಕಟ್ಟುತ್ತ ಗುಡುಗಿದ. "ಈ ನೊರೆನೀರಲ್ಲಿ ಕವರ್ ಒಗೆಯೋಕಾಗುತ್ತಾ? ಅದಕ್ಕೇ ನಾನು ಕಾಡುದಾರಿ ಹಿಡಿದು ಜಲಪಾತಕ್ಕೆ ಹೋಗೋದು."

ಅವಳು ಹಲ್ಲು ಕಚ್ಚಿದಳು. ವಾರವಾರವೂ ಇದೇ ಹಾಡು.

ಮಗುವನ್ನು ನೋಡಲು ಬಂದಿದ್ದ ಅವಳ ಅತ್ತಿಗೆ ಆಸ್ಪತ್ರೆಯ ನರ್ಸು. "ಕುದಿಸಿದ್ರೆ ಕ್ರಿಮಿ ಸಾಯುತ್ತೆ ಕಣೇ, ಸೋಪು ಹೋಗಲ್ಲ. ನಮ್ಮ ಟ್ಯಾಂಕಿಗೆ ನೀರು ಬರೋದೇ ಆ ಜಲಪಾತದಿಂದ."

ಗಂಡ ನಕ್ಕುಬಿಟ್ಟ. "ಅಯ್ಯೋ ಅಕ್ಕಾ, ಅದು ಹರಿಯೋ ನೀರು! ನನ್ನ ಒಂದು ಹಿಡಿ ಸೋಪಿನಪುಡಿ ಎಲ್ಲಿಗೋ ಹೊರಟೋಗುತ್ತೆ."

"ಎಲ್ಲಿಗೆ?" ಹೆಂಡತಿ ಕೂಸನ್ನು ಹೆಗಲಿಗೆ ಹಾಕಿಕೊಂಡಳು. "ನಡೀರಿ, ತೋರಿಸಿ!"

ಆಳೆತ್ತರದ ಪುಟ್ಟ ಜಲಪಾತ. ಕಲ್ಲಿನ ಸಂದಿಯಲ್ಲೆಲ್ಲ ಖಾಲಿ ಶಾಂಪೂ ಪೊಟ್ಟಣ. ನಡಿಗೆಗೆ ಬಂದಿದ್ದ ಒಬ್ಬ ದಪ್ಪ ಆಸಾಮಿ ಮಡುವಿನಲ್ಲಿ ನಿಂತು ತಲೆ ಉಜ್ಜುತ್ತಿದ್ದ. ಅವನ ನೊರೆ ಗಿರಗಿರ ಸುತ್ತಿ, ಜಾಲರಿ ಕಟ್ಟಿದ ಪೈಪಿನ ಬಾಯೊಳಕ್ಕೆ ಜಾರುತ್ತಿತ್ತು. ಚಾಲಕ ವಾರವಾರವೂ ಕವರು ಒಣಹಾಕುತ್ತಿದ್ದುದು ಅದೇ ಪೈಪಿನ ಮೇಲೆ!

"ಇದು ಯಾರ ಮನೆಗೆ ಹೋಗುತ್ತೆ ಅಂತ ಒಂದಿನನಾದ್ರೂ ಯೋಚಿಸಿದ್ರಾ?" ಹೆಂಡತಿ ಪೈಪಿನತ್ತ ಬೆರಳು ತೋರಿಸಿದಳು.

"ಕಾಡಿಂದು ಅಂದ್ಕೊಂಡಿದ್ದೆ..."

"ಕಾಡಿಗೆ ಯಾರ್ರೀ ಪೈಪ್ ಹಾಕ್ತಾರೆ?"

ಅವನು ಕೂಸಿನ ಕತ್ತು ನೋಡಿದ. ಗಂಟನ್ನು ದಡದಾಚೆ ಎಸೆದು ಮಡುವಿನತ್ತ ಕೂಗಿದ: "ಸ್ವಾಮೀ, ನಿಲ್ಲಿಸಿ! ಆ ಸೋಪು ನನ್ನ ಮಗಳ ಮೈಗೆ ಬರುತ್ತೆ!"

ಆಸಾಮಿ ಕಣ್ಣುಜ್ಜಿಕೊಂಡ. "ಹರಿಯೋ ನೀರಲ್ವಾ ಸಾರ್? ಎಲ್ಲಿಗೋ ಹೊರಟೋಗುತ್ತೆ ಬಿಡಿ."

ಹೆಂಡತಿ ಹಣೆ ಚಚ್ಚಿಕೊಂಡಳು. ಗಂಡ ಪ್ಯಾಂಟು ಮಡಚಿ ನೀರಿಗಿಳಿದ, ಆಸಾಮಿಯ ಕೈಹಿಡಿದು ಪೈಪಿನ ಹತ್ತಿರ ಕರೆತರಲು.

ಓದುತ್ತಿರುವವರೇ, ಇನ್ನೆಷ್ಟು ಸಲ ಹೇಳಬೇಕು? ಜಲಪಾತದಲ್ಲಿ ಕಾಲು ನೆನೆಸಿ, ಕಣ್ಣು ತಣಿಸಿಕೊಳ್ಳಿ. ಸೋಪು, ಶಾಂಪೂ ಮಾತ್ರ ಬೇಡ. ಒಗೆಯಲೇಬೇಕಿದ್ದರೆ ಬಕೆಟ್ಟಿನಲ್ಲಿ ನೀರೆತ್ತಿ, ಹರಿವಿನಿಂದ ದೂರ ಹೋಗಿ, ಮಣ್ಣಿಗೆ ಚೆಲ್ಲಿ. ಒಗೆಯಲು ಬೇರೆ ಜಾಗ ಕಟ್ಟಿಕೊಡದೆ ಕೂತಿರುವ ಕಚೇರಿಯ ಮುಂದೆಯೂ ಹೋಗಿ ನಿಲ್ಲಿ, ಕೇಳಿ, ಬಿಡಬೇಡಿ. ಆದರೆ ಹೋಗುವಾಗ ನಿಮ್ಮ ಕೈಯಲ್ಲಿ ನೊರೆ ಇರದಿರಲಿ.