ಅಳೆದ ಮೇಲೆ ಉಜ್ಜಿದ ಮುಚ್ಚಳ

ನಮ್ಮ ಬೀದಿಯಲ್ಲಿ ಲೋಹ ಕಡೆಯುವ ಲೇತ್ ಇಟ್ಟುಕೊಂಡವರು ಆರು ಜನ. ಆರೂ ಜನರಿಗೆ ಗೊತ್ತಿರುವ ತಲೆನೋವು ಒಂದೇ, ಕಳಿಸಿದ ಮಾಲು ವಾಪಸ್ ಬರುವುದು. ಮೊನ್ನೆ ಅದು ಹೊಳಪಣ್ಣನ ಶೆಡ್ಡಿಗೆ ಬಂತು. ಆ ಹೆಸರು ಅವನಿಗೆ ಸುಮ್ಮನೆ ಬಂದಿಲ್ಲ. ಅವನ ಕೈಯಿಂದ ಹೊರಬಿದ್ದ ಲೋಹದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಅಂಥವನ ನಲವತ್ತು ಮುಚ್ಚಳಗಳನ್ನು ಕೆಲಸ ಕೊಟ್ಟ ಕಂಪನಿಯವರು ಕೆಂಪು ಚೀಟಿ ಅಂಟಿಸಿ ಹಿಂದಕ್ಕೆ ಕಳಿಸಿದ್ದರು. "ಕೊರಳಿನ ಅಳತೆ ಕಡಿಮೆ" ಎಂದು ಚೀಟಿಯಲ್ಲಿತ್ತು.

ಅವು ಸ್ಫೋಟನಿರೋಧಕ ಸ್ವಿಚ್ ಡಬ್ಬಿಯ ಮುಚ್ಚಳಗಳು. ಪೆಟ್ರೋಲ್, ಥಿನ್ನರ್ ಥರದ ಆವಿ ತುಂಬುವ ಜಾಗದಲ್ಲಿ ಸ್ವಿಚ್ಚನ್ನು ಇಂಥ ದಪ್ಪ ಡಬ್ಬಿಯೊಳಗೇ ಇಡಬೇಕು. ಮುಚ್ಚಳದ ಒಳಬದಿಯಲ್ಲಿ ಉಂಗುರದಂಥ ಒಂದು ಕೊರಳಿರುತ್ತದೆ. ಅದು ಡಬ್ಬಿಯ ಬಾಯಿಯೊಳಗೆ ಕೂರುತ್ತದೆ.

ಹೊಳಪಣ್ಣ ಮೊದಲು ಸಿಡುಕಿದ್ದು ಹೆಂಡತಿಯ ಮೇಲೆ. ಆ ಶೆಡ್ಡಿನಲ್ಲಿ ಲೇತ್ ಅವನದು, ಮೈಕ್ರೋಮೀಟರ್ ಅವಳದು. ಪ್ರತಿ ಮುಚ್ಚಳವನ್ನೂ ಅಳೆದು, ನಂಬರ್ ಸಮೇತ ವರದಿ ಬರೆದು ಸಹಿ ಹಾಕುವವಳು ಅವಳೇ.

"ಸರಿಯಾಗಿ ನೋಡಿ ಅಳೀಬಾರ್ದಾ?"

"ಕಣ್ಣಿಗೆ ಎಣ್ಣೆ ಬಿಟ್ಕೊಂಡು ಅಳ್ದಿದೀನಿ ರೀ. ಬೇಕಾದ್ರೆ ನಿಮ್ಮೆದುರಿಗೇ ಮತ್ತೆ ಅಳೀತೀನಿ."

ಅಳೆದಳು. ಕಡಿಮೆಯೇ ಇತ್ತು. ಇನ್ನೊಂದು ತೆಗೆದುಕೊಂಡಳು, ಮತ್ತೊಂದು ತೆಗೆದುಕೊಂಡಳು. ತಾನೇ ಬರೆದ ಅಂಕಿಗೂ ಕೈಯಲ್ಲಿರುವ ಮುಚ್ಚಳಕ್ಕೂ ತಾಳೆಯಾಗಲಿಲ್ಲ. ಅವಳ ಮುಖ ಸಪ್ಪಗಾಯಿತು. ಮಾಡದ ತಪ್ಪಿಗೆ ಉತ್ತರ ಹೇಳಬೇಕಾಗಿ ಬಂದವರ ಸಂಕಟ ಹೇಳತೀರದು.

ಅಷ್ಟರಲ್ಲಿ ಹೊಳಪಣ್ಣನ ತಂಗಿ ಬಂದಳು. ಬಣ್ಣದ ಕಾರ್ಖಾನೆಯಲ್ಲಿ ಅವಳು ಎಲೆಕ್ಟ್ರಿಷಿಯನ್, ಇಂಥ ಡಬ್ಬಿ ಬಿಚ್ಚಿ ಜೋಡಿಸುವುದೇ ಅವಳ ಕೆಲಸ. ವರದಿ ಓದಿದಳು. ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಣ್ಣ, ಅತ್ತಿಗೆ ಅಳೆದಾದ್ಮೇಲೆ ನೀನು ಇದಕ್ಕೆ ಏನು ಮಾಡ್ದೆ?"

"ಏನೂ ಇಲ್ಲ. ಎಮರಿ ಪೇಪರ್ ಹಿಡ್ದು ಸ್ವಲ್ಪ ಹೊಳಪು ಕೊಟ್ಟೆ, ಅಷ್ಟೇ. ಅಪ್ಪ ಕಲಿಸಿದ್ದು. ಹಾಗೇ ಕಳಿಸೋಕೆ ಮನಸ್ಸು ಬರಲ್ಲ."

"ಕೊರಳಿಗೂ?"

"ಕೊರಳು ಬಿಟ್ಟು ಮಿಕ್ಕಿದ್ದಕ್ಕೆ ಮಾತ್ರ ಕೊಟ್ರೆ ನೋಡೋಕೆ ಚೆನ್ನಾಗಿರುತ್ತಾ?"

ಹೆಂಡತಿ ಮೈಕ್ರೋಮೀಟರನ್ನು ಮೇಜಿನ ಮೇಲಿಟ್ಟು ಗಂಡನನ್ನೇ ನೋಡಿದಳು.

"ಹೋಗಿರೋದು ಕೂದಲಿನ ಅರ್ಧದಷ್ಟೂ ಇಲ್ಲ," ಎಂದ ಹೊಳಪಣ್ಣ. "ಅದಕ್ಕೆ ಇಷ್ಟು ದೊಡ್ಡ ರಾದ್ಧಾಂತವಾ? ಆವಿ ಒಳಗೆ ಹೋಗದ ಹಾಗೆ ಒಂದು ರಬ್ಬರ್ ಹಾಕಿದ್ರೆ ಮುಗೀತು."

"ಅಲ್ಲೇ ಎಲ್ಲರೂ ಎಡವೋದು. ರಬ್ಬರ್ ಇದ್ರೂ ಆವಿ ಮೆಲ್ಲಗೆ ಒಳಗೆ ಸೇರುತ್ತೆ. ಸ್ವಿಚ್ ಹಾಕಿದಾಗ ಕಿಡಿ ಹಾರುತ್ತೆ, ಒಳಗೆ ಢಂ ಅನ್ನುತ್ತೆ. ಡಬ್ಬಿ ಅದನ್ನ ತಡ್ಕೊಳ್ಳುತ್ತೆ. ಆಗ ಆ ಬೆಂಕಿ ಕೊರಳಿಗೂ ಬಾಯಿಗೂ ನಡುವಿನ ಸಂದಿಯಿಂದ ಹೊರಗೆ ಬರೋಕೆ ನೋಡುತ್ತೆ. ಸಂದಿ ಕಿರಿದಾಗಿದ್ರೆ ಲೋಹಕ್ಕೆ ಶಾಖ ಕೊಟ್ಟು ತಣ್ಣಗಾಗಿ ಬರುತ್ತೆ. ಅಗಲ ಆದ್ರೆ ಬೆಂಕಿಯಾಗೇ ಬರುತ್ತೆ. ಹೊರಗೆ ಆವಿಯ ನಡುವೆ ನಾವು ನಿಂತಿರ್ತೀವಿ, ಅಣ್ಣ."

ಹೊಳಪಣ್ಣ ಮುಚ್ಚಳವನ್ನು ಕೈಯಲ್ಲಿ ತಿರುಗಿಸುತ್ತ ಕೂತ. ಉಜ್ಜಿ ಹೋದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲ. ನಲವತ್ತನ್ನೂ ಬೇರೆ ಇಡು, ಇನ್ನು ಅವು ಗುಜರಿಗೇ ಎಂದು ಅವನೇ ಹೇಳಿದ.

ಹೆಂಡತಿ ಹಳೆಯ ವರದಿ ತೆಗೆದಳು. "ಹೋದ ತಿಂಗಳು ಕಳಿಸಿದ ಇಪ್ಪತ್ನಾಲ್ಕಕ್ಕೂ ಉಜ್ಜಿದ್ರಾ?"

ಉಜ್ಜಿದ್ದ. ಆಗ ಕಂಪನಿಯವರು ನಾಲ್ಕನ್ನು ಮಾತ್ರ ಅಳೆದು, ಅವು ಹೇಗೋ ಮಿತಿಯೊಳಗೇ ಇದ್ದುದರಿಂದ ಉಳಿದವನ್ನು ವರದಿ ನಂಬಿ ತೆಗೆದುಕೊಂಡಿದ್ದರು.

"ಅವು ಪಾಸಾಗಿವೆಯಲ್ಲ," ಎಂದ. "ನಾವಾಗೇ ಫೋನ್ ಮಾಡಿದ್ರೆ ಮುಂದೆ ಕೆಲಸ ಕೊಡ್ತಾರಾ? ಸುಮ್ನೆ ಮೈಮೇಲೆ ಎಳ್ಕೊಂಡ ಹಾಗೆ."

"ವರದೀಲಿ ಇರೋದು ನನ್ನ ಸಹಿ. ನೀವು ಮಾಡ್ತೀರೋ, ನಾನು ಮಾಡ್ಲೋ?"

ಅವನೇ ಮಾಡಿದ. ಆ ಕಡೆಯಿದ್ದ ಗುಣಮಟ್ಟದ ಅಧಿಕಾರಿ ಬೈಯಲಿಲ್ಲ, ಬೆನ್ನೂ ತಟ್ಟಲಿಲ್ಲ. ಮುಚ್ಚಳಗಳಿಗೆ ಹೊಡೆದ ನಂಬರುಗಳನ್ನು ಕೇಳಿದರು. ಹೆಂಡತಿ ಒಂದೊಂದಾಗಿ ಓದಿದಳು. ಸ್ವಲ್ಪ ಹೊತ್ತಿಗೆ ವಾಪಸ್ ಫೋನ್ ಬಂತು. ಹದಿನೆಂಟು ಇನ್ನೂ ಗೋದಾಮಿನಲ್ಲಿದ್ದವು. ಆರು ಆಗಲೇ ಒಂದು ಕಾರ್ಖಾನೆಯ ಗೋಡೆ ಏರಿದ್ದವು. ಅಲ್ಲಿ ಈಗಷ್ಟೇ ಕರೆಂಟ್ ತೆಗೆಸಿದ್ದೇವೆ, ನಿಮ್ಮ ಕೆಲಸದ ವಿಷಯ ಆಮೇಲೆ ಮಾತಾಡೋಣ ಎಂದರು ಅಧಿಕಾರಿ.

"ಯಾವ ಕಾರ್ಖಾನೆ, ಕೇಳಿದ್ಯಾ?" ಎಂದಳು ತಂಗಿ.

"ಕೇಳಲಿಲ್ಲ. ಯಾವುದಾದ್ರೇನು, ಅಲ್ಲೂ ಯಾರದೋ ತಂಗಿ ನಿಂತಿರ್ತಾಳೆ."

ಲೇತ್ ಮುಂದೆ ನಿಂತಿರುವ ಅಣ್ಣಂದಿರೇ, ಮೈಕ್ರೋಮೀಟರ್ ಹಿಡಿದಿರುವ ಅಕ್ಕಂದಿರೇ, ನಾಳೆ ನಿಮ್ಮ ಕೈಗೂ ಇಂಥ ಮಾಲು ಬಂದೀತು. ಕೊನೆಯ ಅಳತೆ ಎಂದರೆ ಎಲ್ಲ ಕೆಲಸ ಮುಗಿದ ಮೇಲಿನ ಅಳತೆ. ಅದಾದ ಮೇಲೆ ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ಹೇಳಿದ ಹಾಗೆ ಕಟ್ಟಿ ಕಳಿಸಿ, ಇನ್ನೇನೂ ಮಾಡಬೇಡಿ. ಕಂಪನಿ ಕೊಟ್ಟ ಡ್ರಾಯಿಂಗಿನಲ್ಲಿ ಇಲ್ಲದ್ದನ್ನು ಮಾಡಬೇಕು ಅನಿಸಿದರೆ, ಅದು ಒಳ್ಳೆಯದಕ್ಕೇ ಆಗಿರಲಿ, ಮೊದಲು ಕಂಪನಿಯನ್ನು ಕೇಳಿ. ಎರಕ ಹೊಯ್ದ ಲೋಹದಲ್ಲಿ ತೂತು ಕಂಡರೆ ಮೆತ್ತಿ ಮುಚ್ಚಬೇಡಿ, ತೋರಿಸಿ. ತಪ್ಪು ಮಾಲು ಹೊರಗೆ ಹೋಗಿದೆ ಎಂದು ಗೊತ್ತಾದರೆ ಫೋನ್ ಎತ್ತಿ. ಗೊತ್ತಾದ ಆ ಗಳಿಗೆಯಲ್ಲೇ ಎತ್ತಿ.