ಮೂರನೇ ತೂಕದ ಯಂತ್ರ

ಹಸುಗೂಸುಗಳ ವಾರ್ಡಿನ ತೂಕದ ಯಂತ್ರ ನಿನ್ನೆ ಮಧ್ಯಾಹ್ನ ಕ್ಯಾಂಟೀನಿಗೆ ಹೋಗಿ ಬಂದಿತ್ತು. ಆಸ್ಪತ್ರೆಯ ವೈಫೈ ಉಪಕರಣಗಳು ಎಲ್ಲೆಲ್ಲಿವೆ ಎಂದು ತೋರಿಸುವ ಪರದೆಯ ಮುಂದೆ ಮುನಿ ಹುಬ್ಬು ಗಂಟಿಕ್ಕಿ ಕೂತಿದ್ದ. ಮಾತು ಕಡಿಮೆಯೆಂದು ಅವನಿಗೆ ಆ ಹೆಸರಿಟ್ಟವನು ಪಕ್ಕದ ಕುರ್ಚಿಯ ಉದ್ದಣ್ಣ. ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ನೆಲಮಾಳಿಗೆಯ ಈ ಕೋಣೆಯಲ್ಲಿ ಇಬ್ಬರದೂ ಏಳು ವರ್ಷದ ಜೊತೆ.

"ನಮ್ಮ ವಾರ್ಡಲ್ಲಿರೋದು ಎರಡೇ ಮಿಷನ್ನು, ನಿಮ್ಮ ಪಟ್ಟೀಲಿ ಮೂರಿದೆ. ಮೂರನೇದನ್ನ ನಿಮ್ಮಿಬ್ಬರಲ್ಲಿ ಯಾರು ಹೆತ್ರಪ್ಪಾ?" ಎಂದು ಹಿರಿಯ ನರ್ಸಮ್ಮ ಬೆಳಿಗ್ಗೆಯೇ ಫೋನಿನಲ್ಲಿ ಕುಟುಕಿದ್ದರು.

"ಕಾಲು ಬಂದಿರಬೇಕು ಅದಕ್ಕೆ. ನಿನಗಿಂತ ಜಾಸ್ತಿ ಓಡಾಡುತ್ತಪ್ಪ," ಉದ್ದಣ್ಣ ನಕ್ಕು ಎದ್ದ. ಗಂಟೆ ನಾಲ್ಕಾಗಿತ್ತು. "ಸೊಂಟ ಹಿಡ್ಕೊಂಡುಬಿಟ್ಟಿದೆ ಕಣೋ. ಹೊರಗೆ ಎರಡು ಸುತ್ತು ಹಾಕ್ಕೊಂಡು ಬರ್ತೀನಿ."

ಅವನು ಹೋದ ಸ್ವಲ್ಪ ಹೊತ್ತಿಗೆ, ಅದುವರೆಗೆ ನೆಲಮಾಳಿಗೆಯಲ್ಲೇ ನಿಂತಿದ್ದ ಮೂರನೇ ಯಂತ್ರದ ಚುಕ್ಕೆಯೂ ಪರದೆಯ ಮೇಲೆ ಹೊರಟಿತು. ಅಂಗಳದ ಕಡೆಗಲ್ಲ. ಮೆಟ್ಟಿಲು ಹತ್ತಿ ಮೂರನೇ ಮಹಡಿಗೆ ಹೋಗಿ ಆಡಳಿತಾಧಿಕಾರಿಯ ಕೋಣೆಯಲ್ಲಿ ನಿಂತಿತು.

ಆಗ ಮುನಿಗೆ ನೆನಪಾಯಿತು.

ಎರಡು ವರ್ಷದ ಹಿಂದೆ ಉದ್ದಣ್ಣನ ಹೆಂಡತಿಗೆ ಒಂಬತ್ತು ತುಂಬಿತ್ತು. ನೆಲಮಾಳಿಗೆಯಲ್ಲಿ ಸಿಗ್ನಲ್ ಇಲ್ಲ, ಉಪಕರಣಗಳ ವೈಫೈಗೆ ಸ್ವಂತ ಫೋನ್ ಸೇರಿಸುವಂತಿಲ್ಲ. ಗುಜರಿಗೆ ಹೋದ ತೂಕದ ಯಂತ್ರವೊಂದರ ಹೆಸರಿನಲ್ಲಿ ಮುನಿಯೇ ಗೆಳೆಯನ ಫೋನನ್ನು ಕದ್ದು ಸೇರಿಸಿದ್ದ. ಹೆರಿಗೆ ನೋವಿನ ಕರೆ ಬಂದದ್ದು ಅದರಲ್ಲೇ. "ಇದನ್ನ ಸಾಯೋವರೆಗೂ ಮರೆಯಲ್ಲ," ಎಂದು ತಬ್ಬಿಕೊಂಡ ಉದ್ದಣ್ಣ, ಯಾವ ಹೆಸರಿನಲ್ಲಿ ಸೇರಿಸಿದೆ ಎಂದು ಕೇಳಿರಲಿಲ್ಲ. ಕ್ರಮೇಣ ಮುನಿಯೂ ಮರೆತಿದ್ದ.

ಅವನು ಹಿಂದಿನ ದಿನಗಳ ದಾಖಲೆ ತೆರೆದ. ಒಂಬತ್ತು ದಿನ, ಪ್ರತಿದಿನ ನಾಲ್ಕಕ್ಕೆ, ಅದೇ ಕೋಣೆ, ಅರ್ಧ ಗಂಟೆ. ಅದಕ್ಕೂ ಮುಂಚೆ ಒಂದು ದಿನವೂ ಇಲ್ಲ. ತಿಂಗಳ ಕೊನೆಗೆ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳುತ್ತಾರೆಂಬ ಸುತ್ತೋಲೆ ಬಂದು ಇಂದಿಗೆ ಹತ್ತು ದಿನ. ಆ ಸಂಜೆ ಕೈ ಮೇಲೆ ಕೈ ಇಟ್ಟು ಉದ್ದಣ್ಣನೇ ಹೇಳಿದ್ದ: "ಮಾತಾಡೋದಾದ್ರೆ ಇಬ್ಬರೂ ಹೋಗಿ ಮಾತಾಡೋಣ. ಒಬ್ಬೊಬ್ಬರೇ ಮೆಟ್ಟಿಲು ಹತ್ತೋದು ಬೇಡ."

ನಿನ್ನೆ ಆಡಳಿತಾಧಿಕಾರಿ ಮುನಿಯನ್ನು ತಡೆದು ಕೇಳಿದ್ದರು: "ಹೋದ ವರ್ಷ ಎಕ್ಸ್‌ರೇ ವಿಭಾಗದ ಲೈನ್ ನಿಂತುಹೋಗಿದ್ದು ನಿಮ್ಮ ಕೈಯಿಂದಂತೆ?" ಆ ತಪ್ಪು ಈ ಕೋಣೆಯ ಬಾಗಿಲು ದಾಟಿರಲಿಲ್ಲ. ತಾನೇ ಎಲ್ಲೋ ಬಾಯಿಬಿಟ್ಟೆನೇನೋ ಎಂದು ಅವನು ರಾತ್ರಿಯೆಲ್ಲ ತನ್ನನ್ನೇ ಶಂಕಿಸಿಕೊಂಡಿದ್ದ.

ಬಾಗಿಲು ಕಿರುಗುಟ್ಟಿತು. ಉದ್ದಣ್ಣ ಸೊಂಟ ನೀವಿಕೊಳ್ಳುತ್ತ ಒಳಬಂದ.

"ಸಿಕ್ತೇನೋ ನಿನ್ನ ಮಿಷನ್ನು?"

"ಸಿಕ್ತು."

"ಎಲ್ಲಿತ್ತು?"

ಮುನಿ ಪರದೆಯನ್ನು ನಿಧಾನವಾಗಿ ಅವನ ಕಡೆಗೆ ತಿರುಗಿಸಿದ. ಒಂಬತ್ತು ದಿನಗಳ ಸಾಲುಗಳ ಮೇಲೆ, ಹಸಿರು ಚುಕ್ಕೆ ಮೆಟ್ಟಿಲಿಳಿದು ಬಂದು ನೆಲಮಾಳಿಗೆಯ ಈ ಕೋಣೆಯಲ್ಲೇ ನಿಂತಿತ್ತು.

ಉದ್ದಣ್ಣ ಸಾಲುಗಳನ್ನು ಓದಿದ. ಸೊಂಟದ ಮೇಲಿದ್ದ ಅವನ ಕೈ ಮೆಲ್ಲಗೆ ಜಾರಿ ಫೋನಿದ್ದ ಜೇಬನ್ನು ಮುಚ್ಚಿಕೊಂಡಿತು.