ಗಿಳಿಯ ಕೊಕ್ಕಿನ ಕೆಂಪು

ಹಲಗೆಯ ಚಿನ್ನದಂಚಿನ ಮೇಲೆ ಬಿಸಿಲಿನ ಒಂದೆಳೆ ಬಂದು ನಿಂತಿದೆ, ತಲೆಮಾರುಗಳ ಹೊಗೆಯ ಕೆಳಗೆ ಇಷ್ಟು ಕಾಂತಿ ಉಸಿರು ಬಿಗಿಹಿಡಿದು ಕೂತಿತ್ತಲ್ಲ — ಕೈಮುಗಿಯಬೇಕೆನ್ನಿಸಿತು ಅವನಿಗೆ, ಹೆಸರು ಬರೆಯದೆ ಹೋದ ಆ ಚಿತ್ರಕಾರನಿಗೆ, ದಾಳಿಂಬೆಯ ಕೊಂಬೆಯಲ್ಲಿ ಗಿಳಿಯ ಒಂದೊಂದು ಗರಿಯನ್ನೂ ಜಪದಂತೆ ಎಳೆದವನಿಗೆ; ಅಜ್ಜನ ಕಾಲದಿಂದ ಮನೆಯ ಗೋಡೆಯಲ್ಲಿ ಮಸುಕಾಗಿದ್ದ ಚಿತ್ರ, ಅಮ್ಮನಿಗೆ ಅಚ್ಚರಿಯಾಗಲೆಂದು ಹೇಳದೆ ಕೇಳದೆ ತಾನು ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವ ಸಂಗ್ರಹಾಲಯದ ಈ ಮೇಜಿಗೆ ತಂದು, ಒದ್ದೆ ಹತ್ತಿಯಿಂದ ಅಂಗುಲಂಗುಲವಾಗಿ ಶುದ್ಧಿಗೊಳಿಸಿದ, ಇದೋ ಅಮ್ಮ ನೋಡಲು ಬಂದಿದ್ದಾಳೆ, ಸ್ಟೂಲಿನ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದಾಳೆ, ಚೆನ್ನಾಗಿದೆ ಕಣೋ, ಹೊಸದರ ಹಾಗಿದೆ, ಆದರೆ ಕೊಕ್ಕು ಎಲ್ಲೋ ಪುಟ್ಟಾ? — ಅಲ್ಲಿ ಕೆಂಪಿತ್ತಮ್ಮ, ಮೂಲದ್ದಲ್ಲ, ಮೂಲದ ಬಣ್ಣ ನೀರಿಗೆ ಜಗ್ಗಲ್ಲ, ಇದು ಯಾರೋ ಆಮೇಲೆ ಗೆರೆ ದಾಟಿ ಎಲೆಗೂ ಮೆತ್ತಿದ್ದು, ತೆಗೆದುಬಿಟ್ಟೆ — ಆ ದನಿಯಲ್ಲಿ ಎಷ್ಟು ಹೆಮ್ಮೆ, ಪ್ರಕ್ಷಿಪ್ತ ಶ್ಲೋಕವನ್ನು ಕಳೆದು ಮೂಲಪಾಠವನ್ನು ಉಳಿಸಿದ ಪಂಡಿತನ ಹೆಮ್ಮೆ, ಅನ್ಯರ ಕೈ ಸೋಕಿದ್ದನ್ನು ಉಳಿಸಬಾರದೆಂಬುದು ಈ ವೃತ್ತಿಯ ವ್ರತವಲ್ಲವೇ — ಕನ್ನಡಕ ಒರೆಸುತ್ತಿದ್ದ ಕೈ ನಿಂತಿತು. ಯಾರೋ ಅಲ್ಲ ಕಣೋ, ನಿಮ್ಮಕ್ಕ. ನೀನಿನ್ನೂ ತೊಟ್ಟಿಲಲ್ಲಿದ್ದೆ. ಪಾಪ, ಗಿಳಿ ಬಾಯಿಗೆ ಬಣ್ಣಾನೇ ಇಲ್ಲ, ಹಣ್ಣು ಹೇಗೆ ತಿನ್ನುತ್ತಮ್ಮ ಅಂತ ಕುರ್ಚಿ ಹತ್ತಿ ಬಳಿದಿದ್ಳು, ನಿಮ್ಮಪ್ಪ ಬೈಯೋಕೆ ಹೋಗಿ ನಕ್ಕುಬಿಟ್ರು — ಅಕ್ಕ, ಹೋದ ಚಳಿಗಾಲ ಆಸ್ಪತ್ರೆಯಿಂದ ಮರಳದೆ ಹೋದ ಅಕ್ಕ, ಬಿಟ್ಟರೆ ಚಂದ್ರನ ಕಲೇನೂ ಉಜ್ಜಿ ತೆಗೀತೀಯ ಕಣೋ ನೀನು ಎಂದು ರೇಗಿಸುತ್ತಿದ್ದವಳು, ಭಾವ ಅವಳ ಬಟ್ಟೆಬರೆಯನ್ನೆಲ್ಲ ಹಂಚಿಬಿಟ್ಟ ಮೇಲೆ ಅಮ್ಮ ದಿನವೂ ಈ ಚಿತ್ರದೆದುರು ನಿಲ್ಲತೊಡಗಿದಳು, ಏಕೆಂದು ಅವನು ಕೇಳಲಿಲ್ಲ, ಹಳೆಯದರ ಚೆಲುವು, ತನಗಿರುವ ಮೋಹವೇ ಅವಳಿಗೂ ಎಂದುಕೊಂಡ, ಎಂದುಕೊಂಡು ಸುಮ್ಮನಾದ — ಕೆಂಪು ಸೀಸೆಯಲ್ಲಿದೆ, ಕುಂಚ ಕೈಯಳತೆಯಲ್ಲೇ ಇದೆ, ಬಳೀಲಾಮ್ಮ, ಹಾಗೇ, ಎಲೆಗೂ ತಾಗೋ ಹಾಗೆ? — ಬೇಡ ಬಿಡು, ನಿನಗೆ ಗೆರೆ ದಾಟೋಕೆ ಬರಲ್ಲ. ಆಮೇಲೆ, ಅವನ ಮುಖ ನೋಡದೆ, ಒರೆಸಿದ ಹತ್ತಿ ಇದೆಯೇನೋ? — ಹತ್ತಿ, ಬೆಳಗ್ಗೆ ಗುಡಿಸುವಾಕೆಯನ್ನು ತಾನೇ ಕರೆದು ಕಸದ ಬುಟ್ಟಿಯೊಂದಿಗೆ ಕೊಟ್ಟದ್ದು, ದೇವರೇ, ಎಷ್ಟು ಸುಲಭವಾಗಿ ಕದಲಿತ್ತು ಆ ಬಣ್ಣ, ಉಜ್ಜಲೂ ಇಲ್ಲ, ಒಮ್ಮೆ ಒತ್ತಿದ್ದಷ್ಟೇ, ಕೈಹಿಡಿದ ಮಗುವಿನಂತೆ ಎದ್ದು ಬಂದಿತ್ತು — ಹತ್ತಿಯಲ್ಲಿ ಹರಡಿದ ಕೆಂಪು, ಒದ್ದೆ ಕೆಂಪು, ಹತ್ತಿಯಲ್ಲಿ, ಅವನ ಎರಡು ಬೆರಳುಗಳ ನಡುವೆ —